ಬಿದರಿ ನೂಲು

ಕೇಳುಗರೇ, ನಮಸ್ಕಾರ.

ನಮ್ಮ ತಾತನ ಟ್ರಂಕಿನಲ್ಲಿ ಒಂದು ಕಪ್ಪು ಕೋಟು ಇತ್ತು. ಮನೆಯವರೆಲ್ಲ ಅದಕ್ಕೆ ‘ಅಲ್ಪಾಕ ಕೋಟು’ ಅನ್ನುತ್ತಿದ್ದರು. ಅಲ್ಪಾಕ ಅಂದರೆ ಅದೊಂದು ಬಟ್ಟೆಯ ಹೆಸರು ಅಂತಲೇ ನಾನು ಐವತ್ತು ವರ್ಷ ತಿಳಿದಿದ್ದೆ. ಅದು ಒಂದು ಪ್ರಾಣಿ, ಒಂಟೆಯ ದೂರದ ಬಳಗ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಮೇಯುವಂಥದ್ದು ಅಂತ ಗೊತ್ತಾಗಿದ್ದು ಮಗಳು ಆಸ್ಟ್ರೇಲಿಯಾದಿಂದ ಬಂದಾಗ. ಅವಳ ಬ್ಯಾಗಿನಲ್ಲಿ ನನಗೆ ಅಂತ ಒಂದು ಚೀಲ ಇತ್ತು. ಅದರೊಳಗೆ 400 ಗ್ರಾಂ ಅಲ್ಪಾಕ ಉಣ್ಣೆ. ಜಾಸ್ತಿ ಬಿಳಿ, ಸ್ವಲ್ಪ ಕಂದು.

ನಾನು ನೂಲುವವಳು. ಶಾಲೆಯಲ್ಲಿ ನಮಗೆ ತಕಲಿ ಪೀರಿಯಡ್ ಇತ್ತು. ತಕಲಿ ಅಂದರೆ ಕೈಯಿಂದ ತಿರುಗಿಸಿ ನೂಲುವ ಪುಟ್ಟ ಕದಿರು. ಹತ್ತಿ ನೂಲುವುದನ್ನು ಅಲ್ಲೇ ಕಲಿತೆ. ಉಣ್ಣೆ ನೂಲುವುದನ್ನು ಕಲಿಸಿದ್ದು ಆಳಂದ ತಾಲ್ಲೂಕಿನ ಹಳ್ಳಿಯೊಂದರ ಆಯಿ. ಆಕೆಯ ಮನೆಯವರು ಕುರಿ ಕಾಯುವವರು, ಕಂಬಳಿ ನೇಯುವವರು. ನಮ್ಮ ಕಡೆಯ ಡೆಕ್ಕನಿ ಕುರಿಯ ಕರಿ ಉಣ್ಣೆ ಒರಟು. ಕೈಗೆ ಚುಚ್ಚುತ್ತದೆ. ಆದರೆ ಒಂದು ಎಳೆ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸ್ವಲ್ಪ ಹುರಿ, ಅಂದರೆ ಎಳೆಗೆ ತಿರುಚು, ಕೊಟ್ಟರೆ ಸಾಕು, ನೂಲು ನಿಲ್ಲುತ್ತದೆ.

ಅಲ್ಪಾಕ ಹಾಗಲ್ಲ. ಮೊದಲ ದಿನವೇ ತಕಲಿ ಟಣ್ ಅಂತ ನೆಲಕ್ಕೆ ಬಿತ್ತು. ಎಳೆ ಎಲ್ಲೂ ಹರಿದಿರಲಿಲ್ಲ, ಸುಮ್ನೆ ಜಾರಿ ಬಿಟ್ಟುಕೊಂಡಿತ್ತು. ಕುರಿ ಉಣ್ಣೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಹುರುಪೆಗಳು ಇರುತ್ತವೆ, ಮೀನಿನ ಮೈಮೇಲೆ ಇರುವ ಹಾಗೆ. ಅವು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಅಲ್ಪಾಕದಲ್ಲಿ ಅವು ಮೈಗೆ ಅಂಟಿಕೊಂಡು ಚಪ್ಪಟೆಯಾಗಿವೆ. ಅದಕ್ಕೇ ಅಷ್ಟು ನಯ, ಅದಕ್ಕೇ ಅಷ್ಟು ಜಾರು. ಕುರಿ ಉಣ್ಣೆಯ ಜಿಡ್ಡೂ ಇದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಜಿಡ್ಡು ಇಲ್ಲ, ಆದರೆ ಮಣ್ಣು ಬೇಕಾದಷ್ಟು. ಅಲ್ಪಾಕಗಳಿಗೆ ಧೂಳಿನಲ್ಲಿ ಹೊರಳಾಡುವ ಅಭ್ಯಾಸ. ಬೇರೆ ದೇಶದ ಕೆಂಪು ಮಣ್ಣು ನಮ್ಮ ಬಚ್ಚಲಿನಲ್ಲಿ ಹರಿಯಿತು. ತೊಳೆಯುವಾಗ ನಾನೊಂದು ತಪ್ಪು ಮಾಡಿದೆ. ಬಿಸಿ ನೀರಿನಲ್ಲಿ ಹಾಕಿ, ಬಟ್ಟೆ ಕುಕ್ಕಿದ ಹಾಗೆ ಕೈಯಿಂದ ಉಜ್ಜಿ, ತಣ್ಣೀರಿಗೆ ಹಾಕಿದೆ. ಒಂದು ಹಿಡಿ ಉಣ್ಣೆ ಕಂಬಳಿ ತುಂಡಿನ ಹಾಗೆ ಗಟ್ಟಿಯಾಯಿತು. ತುಂಬ ಬೇಜಾರಾಯಿತು. ಅಷ್ಟು ದೂರದಿಂದ ಬಂದ ಉಣ್ಣೆ ಅದು. ಆಮೇಲೆ ಜಾಲರಿ ಚೀಲದಲ್ಲಿ ಹಾಕಿ, ಸೋಪಿನ ಬಿಸಿ ನೀರಿನಲ್ಲಿ ಮುಳುಗಿಸಿ, ಕೈ ಆಡಿಸದೆ ಅರ್ಧ ಗಂಟೆ ಬಿಟ್ಟೆ. ಜಾಲಾಡುವ ನೀರೂ ಅಷ್ಟೇ ಬಿಸಿ ಇರಬೇಕು. ನಾಲ್ಕು ನೀರು ಹಿಡಿಯಿತು.

ಆಗ ಏಪ್ರಿಲ್ ತಿಂಗಳು. ಕಲಬುರಗಿ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಗಾಳಿಯಲ್ಲಿ ಹನಿ ತೇವ ಇಲ್ಲ. ಒಣ ಗಾಳಿಯಲ್ಲಿ ಈ ಉಣ್ಣೆಗೆ ಕರೆಂಟ್ ಹಿಡಿಯುತ್ತದೆ. ಹಿಂಜಲು ಕೂತರೆ ಎಳೆಗಳು ಎದ್ದು ನಿಲ್ಲುತ್ತವೆ, ಸೀರೆಗೆ ಅಂಟುತ್ತವೆ, ಬಾಯಿಗೆ ಹೋಗುತ್ತವೆ. ಕೂಲರ್ ಮುಂದೆ ಕೂತು ನೋಡಿದೆ, ಎಲ್ಲ ಹಾರಿಹೋಯಿತು. ಕೊನೆಗೆ ಕಿಟಕಿಗೆ ಒದ್ದೆ ಟವೆಲ್ ಕಟ್ಟಿ, ಉಣ್ಣೆಗೆ ನೀರು ಚಿಮುಕಿಸಿ, ಬೆರಳಿಗೆ ಒಂದೇ ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಬೆಳಗಿನ ಜಾವ ನೂಲಲು ಶುರು ಮಾಡಿದೆ. ಹಿಂಜಲು ನಾಯಿ ಕೂದಲು ಬಾಚುವ ತಂತಿ ಬ್ರಷ್ ಎರಡು ತಂದೆ. ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಕುರಿ ಉಣ್ಣೆಗೆ ಕೊಡುವುದಕ್ಕಿಂತ ಜಾಸ್ತಿ ಹುರಿ ಕೊಟ್ಟೆ. ಎಳೆ ನಿಂತಿತು. ಆದರೆ ಹುರಿ ಸ್ವಲ್ಪ ಮೀರಿದರೂ ನೂಲು ಸುತಳಿಯಂತೆ ಬಿರುಸಾಗುತ್ತದೆ, ಅಲ್ಪಾಕದ ಮೆತ್ತನೆ ಗುಣವೇ ಹೋಗುತ್ತದೆ. ಇವೆರಡರ ನಡುವಿನ ಜಾಗ ಬಹಳ ಸಣ್ಣದು. ಅದನ್ನು ಬೆರಳೇ ಕಂಡುಕೊಳ್ಳಬೇಕು. ನನ್ನ ಬೆರಳಿಗೆ ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ಬಂದ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಶಾಲೆಯಲ್ಲಾದರೆ ಮೇಷ್ಟ್ರು ಬಿಚ್ಚಿ ಹಾಕು ಅನ್ನುತ್ತಿದ್ದರು.

ನಾನು ಬಿಚ್ಚಲಿಲ್ಲ. ಲಡಿ ಮಾಡಿ ಗೋಡೆಗೆ ನೇತುಹಾಕಿದೆ. ದಪ್ಪ ಇದ್ದ ಕಡೆ ಹುರಿ ಕಡಿಮೆ, ಅಲ್ಲಿ ಹತ್ತಿಯಂತೆ ಉಬ್ಬಿತ್ತು. ಸಣ್ಣ ಇದ್ದ ಕಡೆ ಹುರಿಯೆಲ್ಲ ಓಡಿ ಬಂದು ಸೇರಿ ತಂತಿಯಾಗಿತ್ತು. ಹುರಿ ಯಾವಾಗಲೂ ಸಣ್ಣ ಜಾಗವನ್ನೇ ಹುಡುಕಿಕೊಂಡು ಹೋಗುತ್ತದೆ. ಬೆಳಕಿಗೆ ಆ ಲಡಿ ಎಷ್ಟು ಚಂದ ಕಾಣುತ್ತಿತ್ತು! ಗಿರಣಿ ನೂಲು ಒಂದೇ ಸಮ ಬರುತ್ತದೆ. ಅದನ್ನೇ ಕೈಯಿಂದ ಮಾಡುವುದಾದರೆ ನಾನ್ಯಾಕೆ ನೂಲಬೇಕು ಅನ್ನಿಸಿತು. ಏರಿಳಿತವನ್ನು ಬೇಕೆಂದೇ ತರುವುದು ಹೇಗೆ, ಅದೂ ಹರಿಯದ ಹಾಗೆ? ಅಲ್ಲಿಂದ ನನ್ನ ನಿಜವಾದ ಪ್ರಯೋಗ ಶುರುವಾಯಿತು.

ಒಂದು ತೊಂದರೆ ಇತ್ತು. ಅಲ್ಪಾಕ ನೂಲಿಗೆ ತೂಕ ಜಾಸ್ತಿ, ಪುಟಿಯುವ ಗುಣ ಕಡಿಮೆ. ಜಗ್ಗಿದರೆ ಜಗ್ಗಿದ ಹಾಗೇ ಉಳಿಯುತ್ತದೆ. ಬರೀ ಈ ನೂಲಿನಿಂದಲೇ ಶಾಲು ಹೆಣೆದು ನೇತುಹಾಕಿದರೆ ದಿನದಿನಕ್ಕೂ ಉದ್ದವಾಗುತ್ತದೆ. ಒಂದು ಲಡಿ ಹಿಡಿದುಕೊಂಡು ಆಯಿಯ ಹತ್ತಿರ ಹೋದೆ. ಆಕೆ ಎಳೆಯನ್ನು ಕೆನ್ನೆಗೆ ಒತ್ತಿಕೊಂಡಳು. ‘ಬೆಣ್ಣಿ ಇದ್ದಂಗ ಅದ ಯವ್ವಾ. ಆದ್ರ ಕೈಯಾಗ ನಿಲ್ಲವಲ್ದು. ಇದಕ್ಕ ಒಳಗೊಂದು ಬೆನ್ನು ಬೇಕು’ ಅಂದಳು. ಆಮೇಲೆ ಒಳಗೆ ಹೋಗಿ ತಾನೇ ನೂತ ಕರಿ ಉಣ್ಣೆಯ ಉಂಡೆ ತಂದು ನನ್ನ ಮಡಿಲಿಗೆ ಹಾಕಿದಳು.

ಕರಿ ನೂಲು ಒಳಗೆ, ಅದರ ಸುತ್ತ ಬಿಳಿ ಅಲ್ಪಾಕ. ಕೆಲಸ ಹೀಗೆ: ಕರಿ ನೂಲನ್ನು ಬಿಗಿಯಾಗಿ ಹಿಡಿದು ರಾಟಿ ತಿರುಗಿಸುವುದು. ಹಿಂಜಿದ ಅಲ್ಪಾಕವನ್ನು ಅಡ್ಡಕ್ಕೆ, ಮೂಲೆಮಟ್ಟ ಹಿಡಿದಂತೆ, ಸಡಿಲವಾಗಿ ಒಡ್ಡುವುದು. ಅದು ತಾನಾಗಿ ಸುತ್ತಿಕೊಳ್ಳುತ್ತದೆ. ಹೇಳಲು ಸುಲಭ. ಮೊದಲು ಆಯಿ ನೂತ ದಿಕ್ಕಿಗೇ ತಿರುಗಿಸಿದೆ. ಹುರಿಯ ಮೇಲೆ ಹುರಿ ಸೇರಿ ನೂಲು ಗಂಟುಗಂಟಾಗಿ ಸುರುಳಿ ಸುತ್ತಿತು. ಮರುದಿನ ಎದುರು ದಿಕ್ಕಿಗೆ ತಿರುಗಿಸಿದೆ. ಒಳಗಿನ ಎಳೆಯ ಹುರಿ ಬಿಚ್ಚಿಕೊಂಡು, ಅರ್ಧ ಮಾರು ಹೋಗುವಷ್ಟರಲ್ಲಿ ಪಟ್ಟನೆ ಹರಿಯಿತು. ಎರಡು ದಿನ ಯೋಚನೆ ಮಾಡಿದೆ. ಕೊನೆಗೆ ಎರಡು ಕರಿ ಎಳೆ ಕೂಡಿಸಿ, ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗಿ ಹೊಸೆದೆ. ಆಮೇಲೆ ಹೊಸೆದ ದಿಕ್ಕಿಗೆ ಎದುರಾಗಿ ರಾಟಿ ತಿರುಗಿಸಿ ಅಲ್ಪಾಕ ಸುತ್ತಿಸಿದೆ. ಹೆಚ್ಚಾಗಿದ್ದ ಹುರಿ ಬಿಚ್ಚಿಕೊಂಡು ಸಮಕ್ಕೆ ಬಂತು. ನೂಲು ಸುರುಳಿಯೂ ಆಗಲಿಲ್ಲ, ಹರಿಯಲೂ ಇಲ್ಲ. ಜಗ್ಗಿದರೆ ಒಳಗಿನ ಕರಿ ನೂಲು ತಡೆಯುತ್ತದೆ. ಮುಟ್ಟಿದರೆ ಬರೀ ಅಲ್ಪಾಕ.

ಇನ್ನೊಂದು ಬಗೆ ಮಾಡಿದೆ, ಕುಣಿಕೆ ನೂಲು. ಇದರಲ್ಲಿ ಕರಿ ಎಳೆ ಬಿಗಿ, ಬಿಳಿ ಎಳೆ ಸಡಿಲ. ಎರಡನ್ನೂ ಹೊಸೆಯುತ್ತ ಬಿಳಿ ಎಳೆಯನ್ನು ಆಗಾಗ ಮೇಲಕ್ಕೆ ದೂಡಿದರೆ ಸಣ್ಣ ಕುಣಿಕೆಗಳು ಏಳುತ್ತವೆ. ಅವು ಜಾರದಂತೆ ಮೂರನೆಯದಾಗಿ ತೆಳ್ಳನೆಯ ಎಳೆಯೊಂದನ್ನು ಎದುರು ದಿಕ್ಕಿಗೆ ಹೊಸೆದು ಕಟ್ಟಬೇಕು. ಮೂರನೆಯದಕ್ಕೆ ನಾನು ಹೊಲಿಗೆ ದಾರವನ್ನೇ ಬಳಸಿದೆ.

ಎಲ್ಲಕ್ಕಿಂತ ಇಷ್ಟವಾಗಿದ್ದು ಮಾತ್ರ ಸುತ್ತಿದ ನೂಲೇ. ಅಲ್ಪಾಕವನ್ನು ಅಲ್ಲಲ್ಲಿ ತೆಳ್ಳಗೆ ಬಿಟ್ಟರೆ ಒಳಗಿನ ಕರಿ ಇಣುಕುತ್ತದೆ. ಕರಿ, ನಡುವೆ ಹೊಳೆಯುವ ಬಿಳಿ. ಬೀದರಿನವರಿಗೆ ಥಟ್ಟನೆ ಏನು ನೆನಪಾಗುತ್ತದೆ ಹೇಳಿ? ಬಿದರಿ ಕೆಲಸ, ಅಲ್ವಾ? ಸತುವಿನ ಮೇಲೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಹಾಕಿ ಕಾಯಿಸಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಹಾಗಾಗಿ ಈ ನೂಲಿಗೆ ಬಿದರಿ ನೂಲು ಅಂತ ಹೆಸರಿಟ್ಟಿದ್ದೇನೆ. ಬಣ್ಣ ಹಾಕಲಿಲ್ಲ, ಬೇಕೂ ಆಗಲಿಲ್ಲ. ಅಲ್ಪಾಕದಲ್ಲೇ 22 ಸಹಜ ಬಣ್ಣಗಳನ್ನು ಗುರುತಿಸುತ್ತಾರೆ.

ತಾತನ ಕೋಟಿನ ಕಥೆಯನ್ನೂ ಆಮೇಲೆ ಓದಿ ತಿಳಿದೆ. 1830ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಗೋದಾಮಿನಲ್ಲಿ ಅಲ್ಪಾಕ ಉಣ್ಣೆಯ ಮೂಟೆಗಳು ಕೊಳ್ಳುವವರಿಲ್ಲದೆ ಬಿದ್ದಿದ್ದವು. ಬ್ರಾಡ್‌ಫರ್ಡಿನ ಟೈಟಸ್ ಸಾಲ್ಟ್ ಅವನ್ನು ಕೊಂಡ. ಉದ್ದದ ಎಳೆಗೆ ಹತ್ತಿ ನೂಲು, ಅಡ್ಡ ಎಳೆಗೆ ಅಲ್ಪಾಕ ಹಾಕಿ ಬಟ್ಟೆ ಮಾಡಿ ದೊಡ್ಡ ಗಿರಣಿ ಕಟ್ಟಿದ. ಅವನೂ ಅಲ್ಪಾಕಕ್ಕೆ ಬೇರೆ ನೂಲಿನ ಆಸರೆ ಕೊಟ್ಟಿದ್ದ ನೋಡಿ. ಅದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ಆಯಿಯ ಅಂಗಳ. ಡೆಕ್ಕನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಅಲ್ಲಿ ಬೇಲಿ ಪಕ್ಕ ಕರಿ ಉಣ್ಣೆಯ ಗುಡ್ಡೆ ಮಳೆಗೆ ನೆನೆದು ಬಿದ್ದಿತ್ತು. ‘ಕತ್ತರಿಸಿದ ಕೂಲಿನೂ ಹುಟ್ಟಲ್ಲ ಯವ್ವಾ, ಅದಕ್ಕ ಬಿಟ್ಟೀವಿ’ ಅಂದಿದ್ದಳು. ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನ ಬಿದರಿ ನೂಲಿನ ಬೆನ್ನು ಅದೇ ಉಣ್ಣೆ.

ನನ್ನ ಹತ್ತಿರ ಈಗ 60 ಗ್ರಾಂ ಕಂದು ಅಲ್ಪಾಕ ಉಳಿದಿದೆ. ಬಿಳಿಯದು ಶಾಲಾಗಿದೆ. ಕಳೆದ ಡಿಸೆಂಬರ್‌ನಲ್ಲಿ ಬೀದರಿಗೆ ಮದುವೆಗೆ ಹೋದಾಗ ಹೊದ್ದುಕೊಂಡಿದ್ದೆ. ಅಲ್ಲಿನ ಬೆಳಗಿನ ಚಳಿಗೆ ಅದೊಂದೇ ಸಾಕಾಯಿತು. ಆಮೇಲೆ ಅದನ್ನು ಆಯಿಗೆ ಒಯ್ದು ಕೊಟ್ಟೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಕಡೆ ಉಗುರಿನಿಂದ ಬಿಳಿಯನ್ನು ಸರಿಸಿ ಒಳಗಿನ ಎಳೆ ಹುಡುಕಿದಳು. ‘ಇದು ನನ್ನ ನೂಲು’ ಅಂದಳು.

ಮೊನ್ನೆ ಆಕೆಯ ಮನೆಯಲ್ಲಿ ಮತ್ತೆ ಕುರಿ ಉಣ್ಣೆ ಕತ್ತರಿಸಿದ್ದಾರೆ. ನಾಲ್ಕು ಕಿಲೋ ನನಗೆ ಅಂತ ತೆಗೆದಿಟ್ಟಿದ್ದಾರೆ, ದುಡ್ಡು ಕೊಟ್ಟೇ ತಗೊಳ್ಳುತ್ತೇನೆ. ಮಳೆ ಬೀಳಲಿ, ಗಾಳಿಗೆ ತೇವ ಬರಲಿ. ಕಂದು ಅಲ್ಪಾಕವನ್ನು ಆಗ ನೂಲಬೇಕು.

ನಮಸ್ಕಾರ.