ಒಂದು ಕ್ಲಿಕ್ಕೋ, ಎರಡು ಕ್ಲಿಕ್ಕೋ?

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆಯಬೇಕು. ಮೌಸ್ ಒಂದು ಸಲ ಒತ್ತಿದರೆ ಸಾಕೋ, ಎರಡು ಸಲ ಒತ್ತಬೇಕೋ? ಇದೂ ಒಂದು ಪ್ರಶ್ನೆನಾ ಅಂತ ನಿಮಗೆ ಅನ್ನಿಸಬಹುದು. ಆದರೆ ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಬಳಸುವವರಿಗಾಗಿ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಕಿಟಕಿ, ಫೋಲ್ಡರ್, ಗುಂಡಿಗಳನ್ನೆಲ್ಲ, ತಯಾರಿಸುವ ಕೆಡಿಇ ಬಳಗದಲ್ಲಿ ಇದರ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು.

ಅಲ್ಲಿ ಬಹಳ ಕಾಲ ಒಂದೇ ಕ್ಲಿಕ್ಕಿಗೆ ಫೋಲ್ಡರ್ ತೆರೆದುಕೊಳ್ಳುತ್ತಿತ್ತು. ಮೊಬೈಲಿನಲ್ಲಿ ಒಂದೇ ಸಲ ಮುಟ್ಟುತ್ತೇವೆ, ವೆಬ್ ಪುಟದ ಕೊಂಡಿಗೂ ಒಂದೇ ಕ್ಲಿಕ್. ಇಲ್ಲಿ ಮಾತ್ರ ಯಾಕೆ ಎರಡು? ವಯಸ್ಸಾದವರಿಗೆ, ಕೈ ನಡುಗುವವರಿಗೆ ಬೇಗ ಬೇಗ ಎರಡು ಸಲ ಒತ್ತುವುದು ಕಷ್ಟ. ಇದು ಒಂದು ಕಡೆಯವರ ಮಾತು. ವಿಂಡೋಸ್ ಬಳಸಿ ಬಂದವರಿಗೆ ಎರಡು ಕ್ಲಿಕ್ ಕೈಗೆ ಕೂತುಬಿಟ್ಟಿದೆ, ಅವರು ಫೈಲ್ ಆರಿಸೋಕೆ ಅಂತ ಒತ್ತಿದರೆ ಅದು ತೆರೆದೇ ಬಿಡುತ್ತದೆ, ಗಾಬರಿಯಾಗುತ್ತಾರೆ. ಇದು ಇನ್ನೊಂದು ಕಡೆಯವರ ಮಾತು. ಎರಡೂ ನಿಜ, ಅಲ್ವಾ? ಕೊನೆಗೆ 2024ರ ಫೆಬ್ರವರಿಯಲ್ಲಿ ಬಂದ ಕೆಡಿಇ ಡೆಸ್ಕ್‌ಟಾಪಿನ ಹೊಸ ಆವೃತ್ತಿ ಪ್ಲಾಸ್ಮಾ 6ರಲ್ಲಿ ಎರಡು ಕ್ಲಿಕ್ ಗೆದ್ದಿತು. ಕೆಡಿಇಯನ್ನು ಜನರಿಗೆ ತಲುಪಿಸುವ ಹಲವು ಲಿನಕ್ಸ್ ಹಂಚಿಕೆಗಳು ಅದಕ್ಕೂ ಮೊದಲೇ ತಮ್ಮಷ್ಟಕ್ಕೆ ತಾವು ಹಾಗೆ ಬದಲಾಯಿಸಿಕೊಂಡಿದ್ದವು. ಒಂದೇ ಕ್ಲಿಕ್ ಬೇಕೆನ್ನುವವರಿಗೆ ಸೆಟ್ಟಿಂಗ್ಸ್‌ನಲ್ಲಿ ಆಯ್ಕೆ ಈಗಲೂ ಇದೆ.

ಆದರೆ ಸೆಟ್ಟಿಂಗ್ಸ್ ತೆರೆದು ನೋಡುವವರು ಎಷ್ಟು ಜನ? ಹೆಚ್ಚಿನವರು ಕೊಟ್ಟಿದ್ದನ್ನೇ ಬಳಸುತ್ತಾರೆ. ಆ ಡಿಫಾಲ್ಟನ್ನು ಆರಿಸುವವರು ತಾವು ಎಂದೂ ನೋಡದ ಜನರ ಪರವಾಗಿ ತೀರ್ಮಾನ ಮಾಡುತ್ತಿರುತ್ತಾರೆ. ಆದ್ದರಿಂದ ಈ ವಾದಗಳನ್ನು ನಾನು ಸಣ್ಣವು ಅಂತ ತಳ್ಳಿಹಾಕುವುದಿಲ್ಲ.

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಎರಡು ದೊಡ್ಡ ಬಳಗಗಳಿವೆ. 1996ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್ ಕೆಡಿಇ ಶುರು ಮಾಡಿದರು. ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ತಂತ್ರಾಂಶ ನಾರ್ವೆಯ ಕಂಪನಿಯೊಂದರದು. ಅದರ ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ, ಅಂದರೆ ಯಾರು ಬೇಕಾದರೂ ಕೋಡ್ ಬದಲಿಸಿ ಹಂಚುವ ಹಾಗಿರಲಿಲ್ಲ. ಅದನ್ನು ಒಪ್ಪದೆ 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಮತ್ತು ಫೆದೆರಿಕೋ ಮೆನಾ ಗ್ನೋಮ್ ಶುರು ಮಾಡಿದರು. 2000ದಲ್ಲಿ ಕ್ಯೂಟಿಯೂ ಮುಕ್ತವಾಯಿತು. ಜಗಳದ ಕಾರಣ ಹೋಯಿತು. ಅಷ್ಟರಲ್ಲಿ ಎರಡೂ ಬಳಗಗಳು ಬೆಳೆದು, ತಮ್ಮದೇ ಸ್ವಭಾವ ಕಟ್ಟಿಕೊಂಡಿದ್ದವು.

ಬೇಕಾದ ಹಾಗೆ ಬದಲಾಯಿಸಿಕೊಳ್ಳಿ ಅನ್ನುವುದು ಕೆಡಿಇ ಸ್ವಭಾವ. ಆಯ್ಕೆ ಕಡಿಮೆ ಇರಲಿ, ಇರುವುದು ಚೆನ್ನಾಗಿರಲಿ ಅನ್ನುವುದು ಗ್ನೋಮ್ ಸ್ವಭಾವ. ಪ್ರತಿ ಆಯ್ಕೆಗೂ ಒಂದು ಬೆಲೆ ಇದೆ ಅಂತ ಗ್ನೋಮ್‌ನ ಹ್ಯಾವಕ್ ಪೆನ್ನಿಂಗ್ಟನ್ 2002ರಲ್ಲೇ ಬರೆದಿದ್ದರು. ಲೆಕ್ಕ ಹಾಕಿ ನೋಡಿ. ಆನ್-ಆಫ್ ಮಾಡುವ ಹತ್ತು ಸ್ವಿಚ್ ಕೊಟ್ಟರೆ 1024 ಬಗೆಯ ಜೋಡಣೆ ಆಗುತ್ತದೆ. ಯಾವುದೋ ಒಂದು ಜೋಡಣೆಯಲ್ಲಿ ಮಾತ್ರ ತೊಂದರೆ ಬಂದರೆ ಅದನ್ನು ಹುಡುಕುವವರು ಯಾರು?

ಹುಡುಕುವವರು ಮೇಂಟೇನರ್‌ಗಳು. ಅಂದರೆ ತಂತ್ರಾಂಶದ ಒಂದೊಂದು ಭಾಗವನ್ನು ವಹಿಸಿಕೊಂಡವರು. ಇವರಲ್ಲಿ ಕೆಲವರಿಗೆ ರೆಡ್ ಹ್ಯಾಟ್, ಸೂಸೆ, ಕೆನಾನಿಕಲ್‌ನಂಥ ಕಂಪನಿಗಳು ಸಂಬಳ ಕೊಡುತ್ತವೆ. ಎಷ್ಟೋ ಜನ ಬೇರೆ ಕೆಲಸ ಮುಗಿಸಿ ರಾತ್ರಿ ಕೂರುತ್ತಾರೆ. ಅವರ ದಿನವೆಲ್ಲ ಹೊಸ ಕೋಡ್ ಬರೆಯುವುದರಲ್ಲೇ ಹೋಗುತ್ತದೆ ಅಂದುಕೊಳ್ಳಬೇಡಿ. ಜಾಸ್ತಿ ಹೊತ್ತು ಓದುವುದರಲ್ಲೇ ಹೋಗುತ್ತದೆ. "ಕೆಲಸ ಮಾಡ್ತಿಲ್ಲ" ಅಂತ ಒಂದೇ ಸಾಲಿನ ಬಗ್ ರಿಪೋರ್ಟ್ ಬಂದಿರುತ್ತದೆ. ಯಾವ ಆವೃತ್ತಿ, ಯಾವ ಗ್ರಾಫಿಕ್ಸ್ ಕಾರ್ಡ್, ಒಂದು ಪರದೆಯೋ ಎರಡೋ, ಎಲ್ಲವನ್ನೂ ತಾಳ್ಮೆಯಿಂದ ಕೇಳಬೇಕು. ಆಮೇಲೆ ಇನ್ಯಾರೋ ಕಳಿಸಿದ ಪ್ಯಾಚ್, ಅಂದರೆ ಕೋಡಿಗೆ ಮಾಡಿದ ತಿದ್ದುಪಡಿ. ಅದರ ಸಾಲು ಸಾಲನ್ನೂ ಓದಿ, ಇಲ್ಲಿ ಮೆಮೊರಿ ಸೋರುತ್ತಿದೆ, ಈ ಫಂಕ್ಷನ್ ಹೆಸರು ಸರಿಯಿಲ್ಲ ಅಂತ ತಿದ್ದಬೇಕು. ಕಳಿಸಿದವರ ಮನಸ್ಸೂ ಮುರಿಯಬಾರದು.

ಇದರಲ್ಲಿ ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದಕ್ಕೆ ಎರಡು ಸಂಗತಿ ಹೇಳುತ್ತೇನೆ. ಫೋಟೋ ಅಪ್‌ಲೋಡ್ ಮಾಡುವಾಗ ಫೈಲ್ ಆರಿಸುವ ಒಂದು ಕಿಟಕಿ ತೆರೆಯುತ್ತದಲ್ಲ, ಗ್ನೋಮ್‌ನಲ್ಲಿ ಅಲ್ಲಿ ಬರೀ ಹೆಸರುಗಳ ಪಟ್ಟಿ ಇರುತ್ತಿತ್ತು. ಪುಟ್ಟ ಚಿತ್ರಗಳ ಸಾಲು ಕೊಡಿ ಅಂತ 2004ರಲ್ಲೇ ಕೋರಿಕೆ ಬಂದಿತ್ತು. ಬಂದದ್ದು 2023ರ ಮಾರ್ಚ್‌ನ ಗ್ನೋಮ್ 44ರಲ್ಲಿ. ಪಟ್ಟಿ ತೋರಿಸುವ ಹಳೆಯ ಕೋಡ್ ಚಿತ್ರಗಳ ಸಾಲಿಗೆ ಹೊಂದುತ್ತಿರಲಿಲ್ಲ. ಬುಡದಿಂದ ಹೊಸದು ಬಂದ ಮೇಲೆಯೇ ಅದು ಸಲೀಸಾಯಿತು.

ಎರಡನೆಯದು ಟ್ರಿಪಲ್ ಬಫರಿಂಗ್. ಪರದೆಯ ಮೇಲಿನ ಚಲನೆ ತಡವರಿಸದ ಹಾಗೆ ಮುಂದಿನ ಚಿತ್ರವನ್ನು ಮೊದಲೇ ತಯಾರಿಟ್ಟುಕೊಳ್ಳುವ ಉಪಾಯ ಇದು. ಉಬುಂಟು ಎಂಬ ಲಿನಕ್ಸ್ ಹಂಚಿಕೆಯ ಕಡೆಯಿಂದ ಗ್ನೋಮ್‌ಗೆ ಇದರ ಪ್ಯಾಚ್ ಬಂದದ್ದು 2020ರಲ್ಲಿ. ಮುಖ್ಯ ಕೋಡಿಗೆ ಸೇರಿದ್ದು 2025ರ ಫೆಬ್ರವರಿಯಲ್ಲಿ. ಆ ನಡುವೆ ಕೆಳಗಿನ ಕೋಡ್ ಬದಲಾಗುತ್ತಲೇ ಇತ್ತು. ಪ್ರತಿ ಸಲವೂ ಪ್ಯಾಚನ್ನು ಮತ್ತೆ ಹೊಂದಿಸಬೇಕು, ಮತ್ತೆ ರಿವ್ಯೂ ಆಗಬೇಕು. ಅಲ್ಲಿಯವರೆಗೆ ಉಬುಂಟು ಅದನ್ನು ತಾನೇ ಹೊತ್ತುಕೊಂಡು ಸಾಗಿತು. ಬರೆದವರ ಪಟ್ಟು, ಓದಿದವರ ಎಚ್ಚರ, ಎರಡಕ್ಕೂ ನನಗೆ ಗೌರವ ಇದೆ. ರಿವ್ಯೂ ಮಾಡಬಲ್ಲವರು ಕೈಬೆರಳೆಣಿಕೆಯಷ್ಟೇ ಇರುವುದು ಮಾತ್ರ ನಿಜಕ್ಕೂ ಚಿಂತೆಯ ವಿಷಯ.

ವಾದ ಮುರಿದುಬೀಳುವುದೂ ಉಂಟು. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂತು. ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೇ ಮಾಯ. ಕೆಳಗೆ ಪಟ್ಟಿಯೇ ಇಲ್ಲದ ಮೇಲೆ ಎಲ್ಲಿಗೆ ಇಳಿಸುವುದು ಅನ್ನುವುದು ಅವರ ತರ್ಕ. ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ಅವರೇ ಸಿಟ್ಟಾಗಿ ಬೇರೆ ಡೆಸ್ಕ್‌ಟಾಪಿಗೆ ಹೋದರು. ಹಳೆಯದನ್ನೇ ಮುಂದುವರಿಸಲು ಮಾಟೆ, ಹೊಸದನ್ನು ಹಳೆಯ ರೂಪದಲ್ಲಿ ಕೊಡಲು ಸಿನಮನ್ ಹುಟ್ಟಿದವು. ಒಪ್ಪದಿದ್ದರೆ ಕೋಡ್ ತೆಗೆದುಕೊಂಡು ಬೇರೆ ಮಾಡಿಕೊಳ್ಳಬಹುದು. ಅದು ಅಲ್ಲಿ ಎಲ್ಲರಿಗೂ ಇರುವ ಹಕ್ಕು.

ಆ ಗ್ನೋಮ್ 3 ಬಿಡುಗಡೆಗೆ ನಾಲ್ಕು ದಿನ ಮೊದಲು ಅದರ ಏಷ್ಯಾ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಹಿಂದಿನ ತಿಂಗಳಷ್ಟೇ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಡಿಇ ಸಮ್ಮೇಳನ ನಡೆದಿತ್ತು. ಕೆ.ಪಿ. ರಾವ್ ಅವರು ರೂಪಿಸಿದ, ನಾವೆಲ್ಲ ಕಗಪ ಅಂತ ಕರೆಯುವ ಕೀಲಿಮಣೆ ಇವತ್ತು ಲಿನಕ್ಸ್‌ನ ಪಟ್ಟಿಯಲ್ಲೇ ಇದೆ. ಯಾರೋ ಕೂತು ಸೇರಿಸಿದ್ದರಿಂದ ಇದೆ.

ಇನ್ನೂ ಆಗಬೇಕಾದ್ದು ಬಹಳ. ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ ಕಿಟಕಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ. ಇಂಗ್ಲಿಷಿಗೆ ಅದು ಸರಿ. ನಮ್ಮ "ಸ್ತ್ರೀ" ಅಥವಾ "ರಾಷ್ಟ್ರ" ಅಲ್ಲಿ ಹೇಗೆ ಕೂರಬೇಕು? ಒತ್ತಕ್ಷರ ಕೆಳಗಿಳಿಯುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ, ಒಂದು ಅಕ್ಷರ ಎಷ್ಟು ಚೌಕ ಹಿಡಿಯುತ್ತದೆ ಅನ್ನುವುದೇ ತೀರ್ಮಾನವಾಗುವುದಿಲ್ಲ. ಕನ್ನಡ ಓದಲು ಬಾರದ ಮೇಂಟೇನರ್‌ಗೆ ಪರದೆಯ ಮೇಲೆ ಮೂಡಿದ್ದು ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ? ನಾವೇ ಹೇಳಬೇಕು.

ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಎಲ್ಲಾದರೂ ಒಡೆದು ಕಾಣಿಸಿದರೆ ಸುಮ್ನೆ ಬಿಡಬೇಡಿ. ಪರದೆಯ ಚಿತ್ರ ತೆಗೆಯಿರಿ. ಪಕ್ಕದಲ್ಲಿ ಸರಿಯಾದ ರೂಪ ತೋರಿಸಿ. ಫಾಂಟಿನ ಹೆಸರು, ತಂತ್ರಾಂಶದ ಆವೃತ್ತಿ ಬರೆಯಿರಿ. ಅದೇ ಪದವನ್ನು ಮೇಂಟೇನರ್ ನಕಲು ಮಾಡಿಕೊಳ್ಳುವಂತೆ ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿ. ಮರುಪ್ರಶ್ನೆ ಬಂದೇ ಬರುತ್ತದೆ. ಆಗ ಉತ್ತರಿಸಿ.

ನಮಸ್ಕಾರ.