ಬಾಟಲಿಗೆ ದುಡ್ಡು ಕೊಟ್ಟವರು ಯಾರು?

ಅಧ್ಯಕ್ಷರೇ, ಗೆಳೆಯರೇ,

ಪತ್ರಿಕೋದ್ಯಮದ ಗೋಷ್ಠಿಗೆ ವೈನ್ ಯಾಕೆ ಬಂತು ಅಂತ ಮುಂದಿನ ಸಾಲಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಗಾಬರಿ ಬೇಡ, ಈ ಲೋಟದಲ್ಲಿರುವುದು ನೀರೇ. ಜಾಲತಾಣದಲ್ಲಿ ಬರೆಯುವವರಿಗೆ ಸಂಪಾದಕರಿಲ್ಲ, ಹೊಣೆಯಿಲ್ಲ ಎಂದು ಬೆಳಗಿನಿಂದ ಕೇಳುತ್ತಿದ್ದೇವೆ. ಅಮೆರಿಕ, ಇಂಗ್ಲೆಂಡಿನ ವೈನ್ ಪತ್ರಿಕೆಗಳ ಮಂದಿ ಇದನ್ನು ಎಂದೋ ಹೇಳಿ ಮುಗಿಸಿದ್ದಾರೆ. ಅಲ್ಲಿ ಆ ಮಾತಿನ ಗತಿ ಏನಾಯಿತು, ಕೇಳಿ.

2008ರ ಕಥೆ. ರಾಬಿನ್ ಗೋಲ್ಡ್‌ಸ್ಟೀನ್ ಎಂಬ ವಿಮರ್ಶಕ ಇಟಲಿಯ ಮಿಲಾನ್‌ನಲ್ಲಿ ಒಂದು ರೆಸ್ಟೋರೆಂಟ್ ತೆರೆದ. ತೆರೆದ ಅಂದರೆ ಕಾಗದದ ಮೇಲೆ. ಒಲೆಯಿಲ್ಲ, ಮೇಜಿಲ್ಲ, ಅಡುಗೆಯವನೂ ಇಲ್ಲ. ‘ಒಸ್ತೆರಿಯಾ ಲಿಂತ್ರೆಪಿದೊ’ ಎಂಬ ಭರ್ಜರಿ ಹೆಸರು ಮಾತ್ರ ಇತ್ತು. ಊಟದ ಪಟ್ಟಿ, ವೈನ್ ಪಟ್ಟಿ ಎರಡನ್ನೂ ಬರೆದು, 250 ಡಾಲರ್ ಶುಲ್ಕ ಕಟ್ಟಿ, ಅಮೆರಿಕದ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ ಒಳ್ಳೆಯ ವೈನ್ ಪಟ್ಟಿಯ ರೆಸ್ಟೋರೆಂಟುಗಳಿಗೆ ಕೊಡುವ ‘ಅವಾರ್ಡ್ ಆಫ್ ಎಕ್ಸಲೆನ್ಸ್’ಗೆ ಅರ್ಜಿ ಹಾಕಿದ. ಕಿಲಾಡಿ ನೋಡಿ, ದುಬಾರಿ ವೈನುಗಳ ವಿಶೇಷ ಪಟ್ಟಿಗೆ ಆರಿಸಿದ್ದೆಲ್ಲ ಅದೇ ಪತ್ರಿಕೆ ಹಿಂದೆ ಜರಿದಿದ್ದ ವೈನುಗಳನ್ನು! ಪ್ರಶಸ್ತಿ ಬಂತು. ಆಗಸ್ಟ್‌ನಲ್ಲಿ ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ವೈನ್ ಅರ್ಥಶಾಸ್ತ್ರಜ್ಞರ ಸಭೆ. ಅಲ್ಲಿ ಗುಟ್ಟು ಬಿಚ್ಚಿದ, ತನ್ನ ಜಾಲತಾಣದಲ್ಲೂ ಹಾಕಿದ.

ಪತ್ರಿಕೆ ಕೆಂಡವಾಯಿತು. ಇಡೀ ಪಟ್ಟಿಯ 256 ವೈನುಗಳಲ್ಲಿ, ನಾವು 100ಕ್ಕೆ 80ಕ್ಕಿಂತ ಕಡಿಮೆ ಅಂಕ ಕೊಟ್ಟವು 15 ಮಾತ್ರ ಎಂದು ಲೆಕ್ಕ ಕೊಟ್ಟಿತು. ನ್ಯಾಯವೇ ಅನ್ನಿ. ಫೋನ್ ಮಾಡಿದ್ದೆವು, ಆನ್ಸರಿಂಗ್ ಮೆಷಿನ್ ಸಿಕ್ಕಿತು ಎಂದಿತು. ಹಾಗಿದ್ದರೆ ನಂಬಿದ್ದು ಹೇಗೆ ಸ್ವಾಮಿ? ಇಂಟರ್‌ನೆಟ್‌ನಲ್ಲಿ ಹುಡುಕಿದ್ದರಂತೆ! ರೆಸ್ಟೋರೆಂಟಿನ ತಾಣವಿತ್ತು, ಅದರ ಬಗ್ಗೆ ಯಾರ್ಯಾರೋ ಬರೆದ ಮಾತುಗಳೂ ಇದ್ದವು. ಅವೂ ಹುಸಿ ಎಂದು ಆಮೇಲೆ ಪತ್ರಿಕೆಯೇ ದೂರಿತು. ಹೊಣೆಯಿಲ್ಲದ್ದು ಎನ್ನುವ ಜಾಲವನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದ್ದು ಇವರು!

ನಾನು ಕೇಳುವುದು ಒಂದೇ. ದುಡ್ಡು ಯಾರದ್ದು? ಅರ್ಜಿ ಹಾಕಿದವರೇ ಶುಲ್ಕ ಕಟ್ಟುವ ಪ್ರಶಸ್ತಿಗೆ ಮಿಲಾನ್‌ವರೆಗೆ ಹೋಗಿ ಬಾಗಿಲು ತಟ್ಟುವ ಖರ್ಚು ಯಾರಿಗೆ ಬೇಕು? ಪತ್ರಿಕೆಯ ಪುಟ ತಿರುವಿದರೆ ವೈನರಿಗಳದೇ ಜಾಹೀರಾತು. ಅಂಕ ಮಾರಾಟಕ್ಕಿದೆ ಅಂತ ನಾನು ಹೇಳುವುದಿಲ್ಲ. ಆದರೆ ಉಂಡ ಮನೆಯ ಗಳ ಎಣಿಸಬಾರದು ಅಂತ ನಮ್ಮಲ್ಲೂ ಗಾದೆ ಇದೆಯಲ್ಲ.

‘ದುಡ್ಡು ಯಾರದ್ದು’ ಎಂದು ಜೋರಾಗಿ ಕೇಳಿದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಯಾರು? ಮೇರಿಲ್ಯಾಂಡಿನ ವಕೀಲ. ವೈನ್ ವ್ಯಾಪಾರಕ್ಕೂ ಅವರಿಗೂ ಸಂಬಂಧವಿಲ್ಲ. 1978ರಲ್ಲಿ ‘ವೈನ್ ಅಡ್ವೊಕೇಟ್’ ಎಂಬ, ಅಂಚೆಯಲ್ಲಿ ಕಳಿಸುವ ಸುದ್ದಿಪತ್ರ ಶುರುಮಾಡಿದರು. ಜಾಹೀರಾತು ಇಲ್ಲ, 100ಕ್ಕೆ ಇಷ್ಟು ಎಂದು ಅಂಕ. ಫ್ರಾನ್ಸಿನ ಬೋರ್ಡೊ ಸೀಮೆಯ 1982ರ ವೈನನ್ನು ಕೆಲವು ಪಂಡಿತರು ಅನುಮಾನಿಸಿದಾಗ ಇವರು ಹೊಗಳಿ ಗೆದ್ದರು; 1984ರಲ್ಲಿ ವಕೀಲಿ ಬಿಟ್ಟರು. ಇಂದಿನ ಜಾಲತಾಣದ ಹುಡುಗನಿಗೂ ಅಂದಿನ ಪಾರ್ಕರ್‌ಗೂ ವ್ಯತ್ಯಾಸ ಅಂಚೆಚೀಟಿಯದು.

ಆದರೆ 2009ರಲ್ಲಿ ಪಾರ್ಕರ್ ಬಳಗದವರ ಕೆಲವು ಪ್ರವಾಸಗಳ ಖರ್ಚನ್ನು ವೈನ್ ವ್ಯಾಪಾರದ ಕಡೆಯವರು ಭರಿಸಿದ್ದು ಬಯಲಾಯಿತು. ಕೆದಕಿದವರು ಟೈಲರ್ ಕೋಲ್ಮನ್, ‘ಡಾ. ವಿನೊ’ ಎಂಬ ತಾಣದವರು. ಅಲ್ಲಿಯೂ ಅದೇ ಪ್ರಶ್ನೆ, ಈ ಸಲ ಕೇಳಿದ್ದು ಜಾಲತಾಣ.

ಚೀಟಿ ಬಂತು, ಮೂರೇ ನಿಮಿಷ. ಇಂಗ್ಲೆಂಡಿನ ವೈನ್ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ 2000ದಲ್ಲೇ ಸ್ವಂತ ತಾಣ ತೆರೆದು, ಓದುಗರೇ ಚಂದಾ ಕೊಟ್ಟು ಓದುವಂತೆ ಮಾಡಿದ್ದನ್ನು ವಿವರಿಸಬೇಕಿತ್ತು, ಬಿಡಿ. ವ್ಯಾಪಾರ, ಜಾಹೀರಾತಿನ ಮೇಲೆ ಕಣ್ಣಿಡುವ ಅಮೆರಿಕದ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಪುಕ್ಕಟೆ ಬಾಟಲಿ ಪಡೆದು ಹೊಗಳುವ ಬ್ಲಾಗಿನವರು ಅದನ್ನು ಬಹಿರಂಗಪಡಿಸಬೇಕು ಎಂದು 2009ರಲ್ಲಿ ಅದು ಮಾರ್ಗಸೂಚಿ ತಂದಿತು. ಪತ್ರಿಕೆಯ ವಿಮರ್ಶಕರಿಗೆ ಅಷ್ಟು ಬಿಗಿ ಇಲ್ಲ; ಅವರಿಗೆ ಬಾಟಲಿ ಪುಕ್ಕಟೆ ಬರುತ್ತದೆಂದು ಓದುಗರಿಗೆ ಗೊತ್ತೇ ಇರುತ್ತದಂತೆ! ಈ ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ಕೈ ಎತ್ತಿ ನೋಡೋಣ.

‘ವೈನ್ ಅಡ್ವೊಕೇಟ್’ 2019ರಲ್ಲಿ ಪೂರ್ತಿಯಾಗಿ ಮಿಶೆಲಿನ್ ಎಂಬ ಟೈರ್ ಕಂಪನಿಯ ಪಾಲಾಯಿತು. ಆ ಪುಟವನ್ನು ಮಡಚಿಡುತ್ತೇನೆ, ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿ. ನಮಸ್ಕಾರ.