ಬೂಟು ಬಿಚ್ಚದ ಹುಡುಗಿ

ಕೇಳುಗರೇ, ನಮಸ್ಕಾರ.

ಜೂನ್ ತಿಂಗಳು ಬಂತೆಂದರೆ ಹಾಸನದ ಬಸ್ ನಿಲ್ದಾಣದಲ್ಲಿ ಈ ನೋಟ ತಪ್ಪುವುದಿಲ್ಲ. ಜಿಟಿಜಿಟಿ ಮಳೆ, ಹೆಗಲ ಮೇಲೆ ತಗಡಿನ ಟ್ರಂಕು ಹೊತ್ತ ಅಪ್ಪ, ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್ ಹಿಡಿದು ನಿಂತ ಹತ್ತು ಹನ್ನೊಂದು ವರ್ಷದ ಮಗು. ನವೋದಯವಿರಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಯಿರಲಿ, ಆರನೆಯ ತರಗತಿಗೇ ಮಕ್ಕಳು ಮನೆ ಬಿಡುತ್ತಾರೆ. ಆ ಮುಖ ಕಂಡಾಗಲೆಲ್ಲ ನನಗೆ ಅಮೆರಿಕದ ಮೇನ್ ರಾಜ್ಯದ ಒಂದು ಸರೋವರದ ದಂಡೆ ನೆನಪಾಗುತ್ತದೆ.

ಬಿ.ಎಡ್. ಮುಗಿಸಿದ ವರ್ಷ ಜೆ-1 ವಿನಿಮಯ ವೀಸಾ ಪಡೆದು ಅಲ್ಲಿನ ಬೇಸಿಗೆ ಶಿಬಿರವೊಂದರಲ್ಲಿ ಮಕ್ಕಳಿಗೆ ಕಲಿಸಲು ಹೋಗಿದ್ದೆ. ನಮ್ಮೂರಿನ ಬೇಸಿಗೆ ಶಿಬಿರಕ್ಕೆ ಬೆಳಿಗ್ಗೆ ಹೋದ ಮಕ್ಕಳು ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಅಲ್ಲಿ ಕಾಡಿನ ನಡುವಿನ ಮರದ ಮನೆಗಳಲ್ಲಿ ವಾರಗಟ್ಟಲೆ ವಾಸ. ಪದ್ಧತಿ ಹಳೆಯದು, 1861ರಲ್ಲಿ ಕನೆಕ್ಟಿಕಟ್‌ನ ಫ್ರೆಡರಿಕ್ ಗನ್ ಎಂಬ ಮೇಷ್ಟರು ತಮ್ಮ ಶಾಲೆಯ ಹುಡುಗರನ್ನು ಕಡಲತೀರದವರೆಗೆ ನಡೆಸಿಕೊಂಡು ಹೋಗಿ ಡೇರೆ ಹಾಕಿದ್ದರು. ನಮ್ಮ ಶಿಬಿರದಲ್ಲಿ ಮಕ್ಕಳಿಗೆ ಮೊಬೈಲ್ ಇರಲಿಲ್ಲ. ಭಾನುವಾರ ರಾತ್ರಿ ಊಟದ ಮನೆಯ ಬಾಗಿಲಲ್ಲಿ, ತಮ್ಮ ಮನೆಗೆ ಬರೆದ ಪತ್ರ ಕೊಟ್ಟವರಿಗಷ್ಟೇ ಪ್ರವೇಶ.

ನನ್ನ ಪಾಲಿಗೆ ಬಂದವರು ಎಂಟು ಹುಡುಗಿಯರು. ಜೂನ್ ಕೊನೆಯಲ್ಲಿ ಅಲ್ಲಿ ರಾತ್ರಿ ಎಂಟು ದಾಟಿದರೂ ಸೂರ್ಯ ಮುಳುಗುವುದಿಲ್ಲ. ಬೆಳಕಿರುವಾಗಲೇ ಮಕ್ಕಳನ್ನು ಮಲಗಿಸಬೇಕು. ಮೊದಲ ರಾತ್ರಿ ಕಿಟಕಿಯ ಪಕ್ಕದ ಹುಡುಗಿಯ ಹೊದಿಕೆ ಸರಿಪಡಿಸಲು ಹೋದೆ. ಒಳಗೆ ಕಾಲಿನಲ್ಲಿ ಬೂಟು, ಲೇಸು ಎರಡೆರಡು ಗಂಟು ಹಾಕಿ ಬಿಗಿದಿತ್ತು. ಏಕೆಂದು ಕೇಳಿದೆ. ಬೇಡವೆನಿಸಿದರೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿದ್ದಾರೆ, ಬಂದಾಗ ತಡವಾಗಬಾರದಲ್ಲ ಎಂದಳು. ಮೂರು ರಾತ್ರಿ ಹಾಗೆಯೇ ಮಲಗಿದಳು.

ಈ ಮಾತನ್ನು ಕೊಡಲೇಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲೇ ಪೋಷಕರಿಗೆ ತಿಳಿಸಿತ್ತು. ಆ ಮಾತು ಕೇಳಿದ ಮಗು ಇದ್ದಲ್ಲಿ ಬೇರು ಬಿಡುವುದಿಲ್ಲ, ದಾರಿ ಕಾಯುತ್ತಲೇ ಇರುತ್ತದೆ. ಹೋಗುವ ಮೊದಲೇ ಒಂದೆರಡು ರಾತ್ರಿ ಬಂಧುಗಳ ಮನೆಯಲ್ಲಿ ಬಿಟ್ಟು ರೂಢಿ ಮಾಡಿಸಿ ಎಂಬುದೂ ಅದೇ ಸಲಹೆಯಲ್ಲಿದೆ.

ನಾನು ಊರಿನಿಂದ ಅಜ್ಜಿಯ ಅಳಿಗುಳಿ ಮಣೆಯನ್ನು ಒಯ್ದಿದ್ದೆ. ಹುಣಿಸೆ ಬೀಜ ಒಯ್ಯಲಿಲ್ಲ; ಆ ದೇಶದೊಳಕ್ಕೆ ಬೀಜ ತರಲು ಕಟ್ಟುನಿಟ್ಟಿನ ತಡೆಯಿದೆ. ನಾಲ್ಕನೆಯ ದಿನ ಮಕ್ಕಳೊಂದಿಗೆ ಸರೋವರದ ದಂಡೆಯಲ್ಲಿ ನುಣುಪು ಕಲ್ಲು ಆಯ್ದೆವು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಲ್ಲು. ಒಂದು ಗುಳಿಯ ಕಲ್ಲುಗಳನ್ನು ಬಾಚಿ ಒಂದೊಂದಾಗಿ ಹಂಚುತ್ತ ಹೋಗುತ್ತಿದ್ದಂತೆಯೇ ಆ ಹುಡುಗಿ ಎದ್ದು ಬಂದಳು. ‘ಇದು ಮಂಕಾಲ! ನಮ್ಮ ಮನೆಯಲ್ಲಿದೆ. ನಿಮ್ಮದರಲ್ಲಿ ಎರಡು ಗುಳಿ ಹೆಚ್ಚು!’ ಅಳಿಗುಳಿಯಂತೆಯೇ ಆಡುವ ಆ ಆಟದ ಹಲಗೆ ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಹನ್ನೆರಡು ಗುಳಿ, ಗೆದ್ದ ಕಲ್ಲು ಹಾಕಲು ಎರಡು ತುದಿಗೂ ಒಂದೊಂದು ದೊಡ್ಡ ಗುಳಿ. ನನ್ನ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ ಜಗಳವೇ ಹತ್ತಿತು. ಸಂಜೆಯ ಹೊತ್ತಿಗೆ ಉಳಿದ ಏಳು ಮಂದಿಗೆ ಆಟ ಹೇಳಿಕೊಡುತ್ತಿದ್ದವಳು ಅವಳೇ. ರಾತ್ರಿ ನೋಡಿದರೆ ಬೂಟು ಮಂಚದ ಕೆಳಗಿತ್ತು.

ಈಗ ನಾನೂ ವಸತಿ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಹೊಸದಾಗಿ ಬಂದ ಮಗುವಿಗೆ ಅಳಬೇಡ ಎನ್ನುವುದಿಲ್ಲ. ಪಕ್ಕದಲ್ಲಿ ಕುಳಿತು, ನಿಮ್ಮ ಮನೆಯಲ್ಲಿ ಏನು ಆಡುತ್ತೀರಿ ಎಂದು ಕೇಳುತ್ತೇನೆ. ಇಂದು ರಾತ್ರಿ ಟ್ರಂಕು ತುಂಬುತ್ತಿರುವ ತಾಯಂದಿರೇ, ತಂದೆಯರೇ, ಶನಿವಾರ ಬರಲಾಗುವುದಿಲ್ಲವಾದರೆ ಬರುತ್ತೇನೆ ಎನ್ನಬೇಡಿ. ಯಾವ ದಿನ ಬರುತ್ತೀರೋ ಆ ದಿನವನ್ನೇ ಹೇಳಿ. ಟ್ರಂಕಿನ ಮೂಲೆಯಲ್ಲಿ ಒಂದು ಹಿಡಿ ಹುಣಿಸೆ ಬೀಜಕ್ಕೆ ಜಾಗ ಬಿಡಿ.

ನಮಸ್ಕಾರ.